ಗುಡ್ಡದ ದಾರಿಗೆ ಯಾವ ಗಾಡಿ? ಸೈಕಲ್ ಮತ್ತು ಬೈಕುಗಳ ನಿಜವಾದ ಬೆಲೆ

(ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮೂರು ಲಕ್ಷ ರೂಪಾಯಿಯ ಸೈಕಲ್ ಎಂದೊಡನೆ ನಮ್ಮಲ್ಲಿ ಯಾರಿಗಾದರೂ ಮೊದಲು ನಗು ಬರುತ್ತದೆ. ಅಷ್ಟೇ ಹಣಕ್ಕೆ ಮೂರು ಹೊಸ ಬೈಕುಗಳು ಬರುತ್ತವೆ. ಬೈಕಿಗೆ ಎಂಜಿನ್ ಇದೆ, ದೀಪವಿದೆ, ಇಬ್ಬರು ಕೂರಬಹುದು, ಹಿಂದೆ ಹಿಂಡಿಯ ಮೂಟೆಯನ್ನೂ ಕಟ್ಟಬಹುದು. ಸೈಕಲ್ಲಿಗೆ ಇವಾವುವೂ ಇಲ್ಲ. ಏರು ಬಂದರೆ ಬೆವರು ಸುರಿಸಬೇಕಾದವರು ನಾವೇ. ಹೀಗಿರುವಾಗ ಅಷ್ಟೊಂದು ಬೆಲೆ ಏತಕ್ಕೆ, ಅದು ಕೊಟ್ಟ ಹಣಕ್ಕೆ ತಕ್ಕ ವಸ್ತುವೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬಂದಿದೆ. ಪ್ರಶ್ನೆ ತಮಾಷೆಯದಾಗಿ ಕಂಡರೂ ಅದರ ಹಿಂದೆ ನಮ್ಮ ಊರುಗಳ ಒಂದು ಗಂಭೀರ ಸಮಸ್ಯೆ ಇದೆ. ಆದ್ದರಿಂದ ಇಂದು ಅದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇನೆ.

ಸಮಸ್ಯೆ ಏನೆಂದು ನಿಮಗೆ ಗೊತ್ತೇ ಇದೆ. ಮನೆಗಳು ಗುಡ್ಡದ ಇಳುಕಲಿನಲ್ಲಿ ಒಂದೊಂದಾಗಿ ಚದುರಿವೆ. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು. ಅದು ತಪ್ಪಿದರೆ ಕಾಲ್ನಡಿಗೆ. ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ದೂರ. ಮಗ ಕಾಲೇಜಿಗೆ ಸೇರಿದ ವರ್ಷವೇ ಮನೆಗೆ ಬೈಕಿನ ಸಾಲ ಬರುತ್ತದೆ. ಮಗಳಿಗೆ ಬೈಕೂ ಬರುವುದಿಲ್ಲ, ಬಸ್ಸೂ ಇರುವುದಿಲ್ಲ. ಅವಳ ಓದು ಹತ್ತನೆಯ ತರಗತಿಗೆ ನಿಲ್ಲುತ್ತದೆ. ಯಾವ ಗಾಡಿಗೆ ಎಷ್ಟು ಹಣ ಕೊಡಬಹುದು ಎಂಬುದು ಆದ್ದರಿಂದ ಹವ್ಯಾಸಿಗಳ ಚರ್ಚೆಯಷ್ಟೇ ಅಲ್ಲ. ಅದು ನಮ್ಮ ಮನೆಗಳ ಸಾಲದ, ಮಕ್ಕಳ ವಿದ್ಯೆಯ, ಕೆಲವೊಮ್ಮೆ ಪ್ರಾಣದ ಪ್ರಶ್ನೆಯೂ ಹೌದು.

ಬೆಲೆಯಲ್ಲಿ ಏನಿದೆ?

ಮೊದಲು ಮಾರುಕಟ್ಟೆಯನ್ನು ನೋಡೋಣ. ಗೇರಿಲ್ಲದ ಸಾಧಾರಣ ಸೈಕಲ್ ಇಂದು ಸುಮಾರು ಆರರಿಂದ ಎಂಟು ಸಾವಿರ ರೂಪಾಯಿಗೆ ಸಿಗುತ್ತದೆ. ಗೇರು ಮತ್ತು ಡಿಸ್ಕ್ ಬ್ರೇಕು ಇರುವ ಸೈಕಲ್ಲಿಗೆ ಹದಿನೈದರಿಂದ ಮೂವತ್ತು ಸಾವಿರ. ಕಾರ್ಬನ್ ಫೈಬರ್ ಚೌಕಟ್ಟಿನ ಸೈಕಲ್ಲುಗಳು ಒಂದೂವರೆ, ಎರಡು ಲಕ್ಷದಿಂದ ಆರಂಭವಾಗಿ ಹತ್ತು ಲಕ್ಷವನ್ನೂ ದಾಟುತ್ತವೆ. 100 ಸಿಸಿ ಬೈಕು ಅಂಗಡಿಯಲ್ಲಿ ಎಂಬತ್ತು ಸಾವಿರದ ಆಸುಪಾಸಿನಲ್ಲಿದೆ. ನೋಂದಣಿ, ವಿಮೆ ಸೇರಿ ರಸ್ತೆಗೆ ಇಳಿಯುವಾಗ ತೊಂಬತ್ತೈದು ಸಾವಿರವಾಗುತ್ತದೆ ಎಂದು ಹಿಡಿಯೋಣ.

ತೂಕಕ್ಕೆ ಹಾಕಿ ನೋಡಿದರೆ ವ್ಯತ್ಯಾಸ ಬೆರಗು ಹುಟ್ಟಿಸುತ್ತದೆ. ಬೈಕಿನ ತೂಕ ಸುಮಾರು 110 ಕಿಲೋ. ಕಿಲೋಗೆ ಏಳುನೂರು ಚಿಲ್ಲರೆ ರೂಪಾಯಿ ಬಿದ್ದಂತಾಯಿತು. ಎಂಟು ಕಿಲೋ ತೂಕದ ಮೂರು ಲಕ್ಷದ ಸೈಕಲ್ಲಿಗೆ ಕಿಲೋಗೆ 37,500 ರೂಪಾಯಿ! ಇದಕ್ಕೆ ತೆರಿಗೆ ಕಾರಣವಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇ 12ರಿಂದ ಶೇ 5ಕ್ಕೆ ಇಳಿದಿದೆ; 350 ಸಿಸಿವರೆಗಿನ ಬೈಕಿನ ಮೇಲಿನದು ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಕಾರಣ ತಯಾರಿಕೆಯ ಪ್ರಮಾಣದಲ್ಲಿದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಯಷ್ಟು ಮೋಟಾರು ದ್ವಿಚಕ್ರಿಗಳು ತಯಾರಾಗುತ್ತವೆ. ಅಷ್ಟು ದೊಡ್ಡ ರಾಶಿಯಲ್ಲಿ ಯಂತ್ರದ, ಅಚ್ಚಿನ, ಸಂಶೋಧನೆಯ ಖರ್ಚು ಒಂದೊಂದು ಬೈಕಿನ ಮೇಲೆ ತೀರ ಕಡಿಮೆ ಬೀಳುತ್ತದೆ. ಕಾರ್ಬನ್ ಸೈಕಲ್ಲಿನ ಚೌಕಟ್ಟನ್ನಾದರೋ ಕೂದಲಿಗಿಂತ ತೆಳುವಾದ ಎಳೆಗಳ ಹಾಳೆಯನ್ನು ಪದರ ಪದರವಾಗಿ ಕೈಯಿಂದಲೇ ಅಚ್ಚಿನಲ್ಲಿ ಜೋಡಿಸಿ, ರಾಳ ತುಂಬಿ, ಬಿಸಿಯಲ್ಲಿ ಬೇಯಿಸಿ ತಯಾರಿಸುತ್ತಾರೆ. ಸಣ್ಣವರಿಗೊಂದು, ಎತ್ತರದವರಿಗೊಂದು ಅಚ್ಚು ಬೇಕು. ಕೊಳ್ಳುವವರು ಕೆಲವೇ ಮಂದಿ. ಬಹುಪಾಲು ಭಾಗಗಳು ಹೊರದೇಶದಿಂದ ಬರುತ್ತವೆ.

ಈ ಸೈಕಲ್ಲು ಸುಳ್ಳು ಸರಕೇನೂ ಅಲ್ಲ. ಪಂದ್ಯದಲ್ಲಿ ಗೆಲುವು ಸೋಲು ಸೆಕೆಂಡುಗಳಲ್ಲಿ ತೀರ್ಮಾನವಾಗುತ್ತದೆ. ತೂಕ ಇಳಿಸುವ ಪೈಪೋಟಿ ಎಷ್ಟಿತ್ತೆಂದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಿಂದ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರವಿರಕೂಡದೆಂದು ನಿಯಮ ಮಾಡಬೇಕಾಯಿತು. ನಮ್ಮದೇ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದಾರೆ. ಅಂಥವರಿಗೆ ಅದು ಬಡಗಿಯ ಉಳಿಯಿದ್ದಂತೆ, ಕಸುಬಿನ ಸಲಕರಣೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಶಾಲೆಗೆ, ಸೊಸೈಟಿಗೆ, ಹಾಲಿನ ಡೇರಿಗೆ ಹೋಗಿ ಬರುವ ನಮಗೆ ಆ ಹಣ ಏನನ್ನು ತಂದುಕೊಡುತ್ತದೆ?

ಏರಿನ ಲೆಕ್ಕ

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಬಯಲಿನಲ್ಲಿ ಸೈಕಲ್ ಒಂದು ಅದ್ಭುತ ಯಂತ್ರ. ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ ಅವರು 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ತೋರಿಸಿದಂತೆ, ಅಷ್ಟೇ ದೂರವನ್ನು ನಡೆದು ಕ್ರಮಿಸುವ ಬದಲು ಸೈಕಲ್ಲಿನಲ್ಲಿ ಕ್ರಮಿಸಿದರೆ ಶಕ್ತಿಯ ವೆಚ್ಚ ಸುಮಾರು ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ವೇಗ ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ. ತೂಕಕ್ಕೆ ಅನುಗುಣವಾಗಿ ನೋಡಿದರೆ ಓಡುವ, ಈಜುವ, ಹಾರುವ ಯಾವ ಪ್ರಾಣಿಯೂ ಸೈಕಲ್ ಏರಿದ ಮನುಷ್ಯನಷ್ಟು ಮಿತವ್ಯಯಿಯಲ್ಲ.

ಆದರೆ ನಮ್ಮದು ಬಯಲಲ್ಲ. ನೂರು ಮೀಟರ್ ಸಾಗಿದರೆ ಐದು ಮೀಟರ್ ಏರುವ ದಾರಿಯನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ ಇದು ಸಾಮಾನ್ಯವಾದ ಏರು. ಆರೋಗ್ಯವಂತ ವಿದ್ಯಾರ್ಥಿಯೊಬ್ಬ ಕೆಲಹೊತ್ತು ಒಂದೇ ಸಮನೆ ಕೊಡಬಲ್ಲ ಶಕ್ತಿ ಸುಮಾರು 100 ವಾಟ್. ಅವನ ತೂಕ 60 ಕಿಲೋ, ಪುಸ್ತಕದ ಚೀಲ 5 ಕಿಲೋ ಎಂದಿಟ್ಟುಕೊಳ್ಳಿ. 20 ಕಿಲೋ ತೂಕದ ಸಾಧಾರಣ ಸೈಕಲ್ಲಿನಲ್ಲಿ ಅವನು ಆ ಏರನ್ನು ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿ ಹತ್ತಬಲ್ಲನೆಂದು ಲೆಕ್ಕ ಹೇಳುತ್ತದೆ. 15 ಕಿಲೋದ ಗೇರ್ ಸೈಕಲ್ಲಿನಲ್ಲಿ 7.4. ಎಂಟು ಕಿಲೋದ ಕಾರ್ಬನ್ ಸೈಕಲ್ಲಿನಲ್ಲಿ 8.1. ಅಂದರೆ ಒಂದು ಕಿಲೋಮೀಟರ್ ಏರಿನಲ್ಲಿ ಗೇರ್ ಸೈಕಲ್ಲಿಗಿಂತ ಕಾರ್ಬನ್ ಸೈಕಲ್ ಉಳಿಸುವುದು ಮುಕ್ಕಾಲು ನಿಮಿಷ. ಇದಕ್ಕೆ ನಾವು ತೆರುವ ಹೆಚ್ಚುವರಿ ಬೆಲೆ ಎರಡೂಮುಕ್ಕಾಲು ಲಕ್ಷ. ಕಾರಣ ಸರಳ: ಏರಿಸಬೇಕಾದ ತೂಕದಲ್ಲಿ ಬಹುಪಾಲು ಸವಾರನದೇ, ಸೈಕಲ್ಲಿನದು ಸಣ್ಣ ಪಾಲು.

ಹಾಗಾದರೆ ಸಾಧಾರಣ ಸೈಕಲ್ಲೇ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಗಂಟೆಗೆ 7 ಕಿಲೋಮೀಟರ್ ಎಂಬ ಲೆಕ್ಕ ಕಾಗದದ ಮೇಲಿನದು. ಸಾಧಾರಣ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬಂದಾಗ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಬಯಲಿಗೆ ಇದು ಹೇಳಿ ಮಾಡಿಸಿದ್ದು. ಆ ಏರಿನಲ್ಲಾದರೋ ನಿಮಿಷಕ್ಕೆ ಇಪ್ಪತ್ತೊಂದು ಸುತ್ತಿನಷ್ಟೇ ಪೆಡಲು ತಿರುಗುತ್ತದೆ. ಒಂದೊಂದು ಸುತ್ತಿಗೂ ಇಡೀ ದೇಹದ ಭಾರ ಹಾಕಿ ನಿಂತು ತುಳಿಯಬೇಕು. ಮಂಡಿ ತಡೆಯುವುದಿಲ್ಲ. ಇಳಿದು ತಳ್ಳಿಕೊಂಡು ಹೋಗುವುದೇ ಗತಿ. ಗೇರ್ ಸೈಕಲ್ಲಿನಲ್ಲಿ ಮುಂದೆ 24, ಹಿಂದೆ 34 ಹಲ್ಲಿನ ಚಕ್ರಕ್ಕೆ ಚೈನನ್ನು ದಾಟಿಸಿದರೆ ಒಂದು ಸುತ್ತಿಗೆ ಒಂದೂವರೆ ಮೀಟರ್ ಮಾತ್ರ ಸಾಗುತ್ತದೆ. ನಿಮಿಷಕ್ಕೆ ಎಂಬತ್ತು ಸುತ್ತು ಹಗುರವಾಗಿ ತುಳಿಯುತ್ತಾ ಕುಳಿತಲ್ಲಿಂದಲೇ ಗುಡ್ಡ ಹತ್ತಬಹುದು. ಶಕ್ತಿ ಅಷ್ಟೇ, ಅದನ್ನು ಕಾಲು ಕೊಡಬಲ್ಲ ರೀತಿಗೆ ಹೊಂದಿಸುವ ಕೆಲಸ ಗೇರಿನದು. ನೂರಕ್ಕೆ ಹತ್ತರಷ್ಟು ಕಡಿದಾದ ಘಟ್ಟದಲ್ಲಿ ಮಾತ್ರ ಯಾವ ಸೈಕಲ್ಲಾದರೂ ನಡಿಗೆಯ ವೇಗಕ್ಕೆ ಇಳಿಯುತ್ತದೆ ಎಂಬುದನ್ನೂ ಮುಚ್ಚಿಡಬಾರದು.

ಇಳಿಜಾರಿನ ಲೆಕ್ಕವೂ ಇಷ್ಟೇ ಮುಖ್ಯ. ಏರುವಾಗ ಹಾಕಿದ ಶಕ್ತಿಯೆಲ್ಲ ಇಳಿಯುವಾಗ ವೇಗವಾಗುತ್ತದೆ. ಅದನ್ನು ಬ್ರೇಕು ಶಾಖವಾಗಿ ಕರಗಿಸಬೇಕು. ಆಷಾಢದ ಮಳೆಯಲ್ಲಿ ರಿಮ್ಮಿಗೆ ಒತ್ತುವ ರಬ್ಬರಿನ ಬ್ರೇಕು ಒದ್ದೆಯಾಗಿ ಜಾರುತ್ತದೆ. ಹಳೆಯ ಸರಳಿನ ಬ್ರೇಕನ್ನು ನಂಬಿ ಮಳೆಯಲ್ಲಿ ಘಟ್ಟ ಇಳಿದವರಿಗೆ ಅದರ ಭಯ ಗೊತ್ತು. ಚಕ್ರದ ನಡುವೆ ಇರುವ ಡಿಸ್ಕ್ ಬ್ರೇಕಿಗೆ ನೀರು, ಕೆಸರು ಅಷ್ಟಾಗಿ ತಾಗುವುದಿಲ್ಲ.

ತೋಟ ಕಲಿಸುವ ಪಾಠ

ಕೃಷಿ ವಿಜ್ಞಾನದಲ್ಲಿ ಎರಡು ನಿಯಮಗಳಿವೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿಗಳಾದ ಸ್ಪ್ರೆಂಗೆಲ್ ಮತ್ತು ಲೀಬಿಗ್ ಪ್ರತಿಪಾದಿಸಿದ್ದು ಕನಿಷ್ಠಾಂಶದ ನಿಯಮ: ಬೆಳೆಗೆ ಬೇಕಾದವುಗಳಲ್ಲಿ ಯಾವುದು ತೀರ ಕಡಿಮೆಯಿದೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಬಸಿಗಾಲುವೆ ಸರಿಯಿಲ್ಲದ ಅಡಿಕೆ ತೋಟಕ್ಕೆ ಎಷ್ಟು ಗೊಬ್ಬರ ಸುರಿದರೂ ಬೇರು ಕೊಳೆಯುವುದು ತಪ್ಪುವುದಿಲ್ಲ ಎಂಬುದು ಇಲ್ಲಿ ಕುಳಿತ ಪ್ರತಿಯೊಬ್ಬ ರೈತನಿಗೂ ಗೊತ್ತು. ಎರಡನೆಯದು 1909ರಲ್ಲಿ ಮಿಟ್ಶರ್ಲಿಖ್ ಸೂತ್ರರೂಪಕ್ಕೆ ತಂದ ಇಳಿಮುಖ ಪ್ರತಿಫಲದ ನಿಯಮ: ಮೊದಲ ಬುಟ್ಟಿ ಗೊಬ್ಬರ ಕೊಟ್ಟಷ್ಟು ಇಳುವರಿಯನ್ನು ಎರಡನೆಯದು ಕೊಡದು, ಹತ್ತನೆಯದು ಕೊಡುವುದು ಲೆಕ್ಕಕ್ಕೇ ಸಿಗದು.

ಸೈಕಲ್ಲಿಗೂ ಇವೇ ನಿಯಮಗಳು. ಗುಡ್ಡಗಾಡಿನಲ್ಲಿ ಕನಿಷ್ಠಾಂಶ ಗೇರು ಮತ್ತು ಬ್ರೇಕು. ಅವೆರಡಕ್ಕೆ ಕೊಟ್ಟ ಹದಿನೈದು ಇಪ್ಪತ್ತು ಸಾವಿರ ರೂಪಾಯಿ ಸೈಕಲ್ಲನ್ನು ನಿರುಪಯೋಗಿ ವಸ್ತುವಿನಿಂದ ಉಪಯುಕ್ತ ವಾಹನವಾಗಿ ಮಾಡುತ್ತದೆ. ಅದರ ಮೇಲಿನ ಒಂದೊಂದು ಲಕ್ಷವೂ ಕೆಲವು ಸೆಕೆಂಡುಗಳನ್ನಷ್ಟೇ ಕೊಡುತ್ತದೆ. ಆದುದರಿಂದ ಎಂಟು ಸಾವಿರದ್ದು ನಮಗೆ ಅಗ್ಗವಲ್ಲ, ಏಕೆಂದರೆ ಅದು ಜಗಲಿಯ ಮೂಲೆ ಸೇರುತ್ತದೆ. ಮೂರು ಲಕ್ಷದ್ದು ಶ್ರೇಷ್ಠವೂ ಅಲ್ಲ, ಏಕೆಂದರೆ ನಮಗಿಲ್ಲದ ಕೊರತೆಯೊಂದನ್ನು ಅದು ನೀಗಿಸುತ್ತದೆ.

ದುರಸ್ತಿಯ ಮಾತೂ ಇದೆ. ಉಕ್ಕಿನ ಚೌಕಟ್ಟು ಮುರಿದರೆ ಪೇಟೆಯ ವೆಲ್ಡಿಂಗ್ ಅಂಗಡಿಯವನು ಬೆಸೆದುಕೊಡುತ್ತಾನೆ. ಕಾರ್ಬನ್ ಚೌಕಟ್ಟು ಕಲ್ಲಿಗೆ ಬಡಿದರೆ ಒಳಗೆ ಬಿರುಕು ಬಿಟ್ಟಿದ್ದು ಹೊರಗೆ ಕಾಣಿಸದೆಯೂ ಇರಬಹುದು. ಅದನ್ನು ಕರಗಿಸಿ ಮತ್ತೆ ಬಳಸುವುದು ಕಬ್ಬಿಣದಷ್ಟು ಸುಲಭವಲ್ಲ. ತಯಾರಿಸಲು ತಗಲುವ ಶಕ್ತಿಯೂ ಹೆಚ್ಚು. ಸೈಕಲ್ ಎಂದ ಮಾತ್ರಕ್ಕೆ ಎಲ್ಲವೂ ಪರಿಸರಸ್ನೇಹಿಯಾಗುವುದಿಲ್ಲ.

ದುಡಿಮೆಯ ದಿನಗಳಲ್ಲಿ ಬೆಲೆ

ಇನ್ನು ಬೈಕಿನೊಡನೆ ಹೋಲಿಕೆ. ಇವಾನ್ ಇಲಿಚ್ ಎಂಬ ಚಿಂತಕರು 1970ರ ದಶಕದ ಆರಂಭದಲ್ಲಿ 'ಎನರ್ಜಿ ಅಂಡ್ ಈಕ್ವಿಟಿ' ಎಂಬ ಚಿಕ್ಕ ಪುಸ್ತಕದಲ್ಲಿ ಒಂದು ಹೊಸ ಲೆಕ್ಕ ಮಾಡಿದರು. ಅಮೆರಿಕದ ಪುರುಷನೊಬ್ಬ ಕಾರಿನಲ್ಲಿ ಕುಳಿತ ಹೊತ್ತಿಗೆ, ಆ ಕಾರಿನ ಕಂತು, ಪೆಟ್ರೋಲು, ವಿಮೆ, ತೆರಿಗೆಗಳಿಗಾಗಿ ದುಡಿದ ಹೊತ್ತನ್ನೂ ಅವರು ಕೂಡಿಸಿದರು. ವರ್ಷಕ್ಕೆ 1,600 ಗಂಟೆ ವ್ಯಯಿಸಿ ಅವನು ಸಾಗುತ್ತಿದ್ದದ್ದು 7,500 ಮೈಲಿ. ಗಂಟೆಗೆ ಐದು ಮೈಲಿಗೂ ಕಡಿಮೆ!

ಈ ಲೆಕ್ಕವನ್ನು ನಮ್ಮ ಊರಿಗೆ ತರೋಣ. ದಿನಕ್ಕೆ ಹೋಗಿ ಬರುವ ದೂರ 10 ಕಿಲೋಮೀಟರ್, ವರ್ಷಕ್ಕೆ 250 ದಿನ, ಅಂದರೆ 2,500 ಕಿಲೋಮೀಟರ್. ವಾಹನದ ಆಯಸ್ಸು ಹತ್ತು ವರ್ಷ. ಎಂಟು ಗಂಟೆಯ ದಿನಗೂಲಿ 500 ರೂಪಾಯಿ. ಇವೆಲ್ಲ ಅಂದಾಜುಗಳು, ನಿಮ್ಮ ಊರಿನ ದರ ಹಾಕಿ ನೀವೇ ತಾಳೆ ನೋಡಬಹುದು.

ಬೈಕಿಗೆ ಮೊದಲ ಬೆಲೆ 95,000. ಲೀಟರಿಗೆ 50 ಕಿಲೋಮೀಟರ್ ಓಡಿದರೆ ವರ್ಷಕ್ಕೆ 50 ಲೀಟರ್. ಲೀಟರಿಗೆ ನೂರು ರೂಪಾಯಿಯೆಂದರೂ ಹತ್ತು ವರ್ಷಕ್ಕೆ 50,000. ಸರ್ವೀಸು, ಟೈರು, ವಿಮೆಗೆ ವರ್ಷಕ್ಕೆ ನಾಲ್ಕು ಸಾವಿರದಂತೆ 40,000. ಕೊನೆಗೆ ಮಾರಿದಾಗ 20,000 ಬಂತೆಂದು ಕಳೆಯಿರಿ. ಉಳಿಯುವ ಖರ್ಚು 1,65,000. ಕಿಲೋಮೀಟರಿಗೆ 6 ರೂಪಾಯಿ 60 ಪೈಸೆ. ಸಾಲದ ಬಡ್ಡಿಯನ್ನು ನಾನು ಸೇರಿಸಿಲ್ಲ.

ಗೇರ್ ಸೈಕಲ್ಲಿಗೆ 25,000, ವರ್ಷಕ್ಕೆ ಮೂರು ಸಾವಿರದಂತೆ ಟೈರು, ಚೈನು, ಬ್ರೇಕಿಗೆ 30,000, ಒಟ್ಟು 55,000. ಕಿಲೋಮೀಟರಿಗೆ 2 ರೂಪಾಯಿ 20 ಪೈಸೆ. ಸವಾರನ ಊಟದ ಖರ್ಚನ್ನೂ ಸೇರಿಸಬೇಕೆಂದು ಯಾರಾದರೂ ಹೇಳಿದರೆ ಅದೂ ನ್ಯಾಯವೇ: ಹತ್ತು ಕಿಲೋಮೀಟರ್ ತುಳಿಯಲು ಬೇಕಾಗುವ ಹೆಚ್ಚುವರಿ ಆಹಾರ ನೂರು ಗ್ರಾಂ ಅಕ್ಕಿಯೊಳಗೇ ಮುಗಿಯುತ್ತದೆ, ಸುಮಾರು ಐದು ರೂಪಾಯಿ. ಅಷ್ಟೇ ದೂರಕ್ಕೆ ಬೈಕು ಕುಡಿಯುವುದು ಇಪ್ಪತ್ತು ರೂಪಾಯಿಯ ಪೆಟ್ರೋಲು.

ಮೂರು ಲಕ್ಷದ ಸೈಕಲ್ಲಿಗೆ ಬಿಡಿಭಾಗಗಳೂ ದುಬಾರಿ. ವರ್ಷಕ್ಕೆ ಹತ್ತು ಸಾವಿರ ಹಿಡಿದರೆ ಒಟ್ಟು ನಾಲ್ಕು ಲಕ್ಷ. ಕಿಲೋಮೀಟರಿಗೆ 16 ರೂಪಾಯಿ.

ಈಗ ಇಲಿಚ್ ಅವರ ರೀತಿಯಲ್ಲಿ ಹೊತ್ತನ್ನು ಕೂಡಿಸೋಣ. ಬೈಕು ಗಂಟೆಗೆ 30 ಕಿಲೋಮೀಟರ್ ಓಡಿದರೆ ವರ್ಷದ ಸವಾರಿ 83 ಗಂಟೆ. ಅದರ ಖರ್ಚಿಗಾಗಿ ವರ್ಷಕ್ಕೆ 33 ದಿನದ ಕೂಲಿ, ಅಂದರೆ 264 ಗಂಟೆ. ನಿಜವಾದ ವೇಗ ಗಂಟೆಗೆ 7.2 ಕಿಲೋಮೀಟರ್. ಗೇರ್ ಸೈಕಲ್ ಏರು ಇಳಿವು ಸೇರಿ ಗಂಟೆಗೆ 10 ಕಿಲೋಮೀಟರ್ ಸಾಗಿದರೆ ಸವಾರಿ 250 ಗಂಟೆ, ದುಡಿಮೆ 11 ದಿನ, ಅಂದರೆ 88 ಗಂಟೆ. ನಿಜವಾದ ವೇಗ 7.4. ಕಾರ್ಬನ್ ಸೈಕಲ್ ಸವಾರಿಯಲ್ಲಿ ಒಂದಿಷ್ಟು ಉಳಿಸಿದರೂ ಅದಕ್ಕಾಗಿ ವರ್ಷಕ್ಕೆ 80 ದಿನ ದುಡಿಯಬೇಕು. ನಿಜವಾದ ವೇಗ ಗಂಟೆಗೆ ಮೂರು ಕಿಲೋಮೀಟರಿಗೂ ಕಡಿಮೆ. ನಡೆದುಕೊಂಡು ಹೋದವನು ಅದಕ್ಕಿಂತ ಮುಂಚೆ ತಲಪುತ್ತಾನೆ!

ಗಮನಿಸಬೇಕಾದ ಸಂಗತಿಯೆಂದರೆ ಬೈಕು ಮತ್ತು ಗೇರ್ ಸೈಕಲ್ ಇಲ್ಲಿ ಸರಿಸಮವಾಗಿವೆ. ಬೈಕು ಉಳಿಸಿದಂತೆ ಕಾಣುವ ಹೊತ್ತನ್ನು ನಾವು ಬೇರೆಯವರ ತೋಟದಲ್ಲಿ ಕೂಲಿಯಾಗಿ ತೀರಿಸಿರುತ್ತೇವೆ, ಅಥವಾ ನಮ್ಮ ತಂದೆ ತೀರಿಸಿರುತ್ತಾರೆ. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಾಡುವವರಿಗೆ ಲೆಕ್ಕ ಬೇರೆಯಾಗುತ್ತದೆ. ಆಗ ಬೈಕಿನ ನಿಜವಾದ ವೇಗ ಗಂಟೆಗೆ ಸುಮಾರು ಹತ್ತು ಕಿಲೋಮೀಟರಿಗೆ ಏರುತ್ತದೆ, ಸೈಕಲ್ಲಿಗೆ ಅಷ್ಟು ದೂರ ಸಾಧ್ಯವೂ ಅಲ್ಲ.

ಬೈಕಿಗೆ ಅದರದೇ ಸ್ಥಾನ

ಆದ್ದರಿಂದ ಬೈಕನ್ನು ಶತ್ರುವೆಂದು ಸಾರಲು ನಾನು ಬಂದಿಲ್ಲ. ರಾತ್ರಿ ಹೊತ್ತು ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ, ಮೂವತ್ತು ಕಿಲೋಮೀಟರ್ ದೂರದ ಪೇಟೆಗೆ ಹೋಗಬೇಕಾದಾಗ, ವಯಸ್ಸಾದವರನ್ನು ಕೂರಿಸಿಕೊಳ್ಳಬೇಕಾದಾಗ ಸೈಕಲ್ ಅದರ ಬದಲಿಯಾಗದು. ಪ್ರಶ್ನೆ ಇರುವುದು ಮೂರು ಕಿಲೋಮೀಟರ್ ದೂರದ ಅಂಗಡಿಗೆ ಬೆಂಕಿಪೊಟ್ಟಣ ತರಲು ಬೈಕು ಹೊರಡುವಾಗ. ಅರವತ್ತು ಕಿಲೋದ ಮನುಷ್ಯನನ್ನು ಒಯ್ಯಲು ನೂರಹತ್ತು ಕಿಲೋದ ಯಂತ್ರವೂ ಜೊತೆಗೆ ಗುಡ್ಡ ಹತ್ತಬೇಕು. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ನಾವು ಹಿಡಿದ ಲೆಕ್ಕದಂತೆ ಒಂದು ಬೈಕಿನಿಂದ ವರ್ಷಕ್ಕೆ 115 ಕಿಲೋ. ನೂರು ಬೈಕಿರುವ ಊರಿನಿಂದ ಹನ್ನೊಂದೂವರೆ ಟನ್.

ಇನ್ನೊಂದು ಲೆಕ್ಕವನ್ನು ಹೇಳಲೇಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕಿಂತ ಹೆಚ್ಚು ಮಂದಿ ಮೋಟಾರು ದ್ವಿಚಕ್ರಿಗಳ ಸವಾರರು. ಹದಿನೆಂಟು ತುಂಬದ ಮಗನ ಕೈಗೆ ಬೈಕು ಕೊಡುವ ಪೋಷಕರು 2019ರ ತಿದ್ದುಪಡಿಯಾದ ಕಾಯಿದೆಯಂತೆ 25,000 ರೂಪಾಯಿ ದಂಡಕ್ಕೂ ಮೂರು ವರ್ಷದವರೆಗಿನ ಸೆರೆವಾಸಕ್ಕೂ ಗುರಿಯಾಗುತ್ತಾರೆ. ಕಾಯಿದೆಯ ಭಯಕ್ಕಿಂತ ನಮ್ಮ ತಿರುವುಗಳ ಭಯ ದೊಡ್ಡದಾಗಿರಲಿ.

ಈ ಎರಡರ ನಡುವೆ ವಿದ್ಯುತ್ ನೆರವಿನ ಸೈಕಲ್ ಬಂದಿದೆ. ಮೋಟಾರು 250 ವಾಟಿಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಅದಕ್ಕೆ ನೋಂದಣಿಯೂ ಪರವಾನಗಿಯೂ ಬೇಡ. ಸವಾರನ ನೂರು ವಾಟಿಗೆ ಮೋಟಾರಿನ ಇನ್ನೂರು ವಾಟ್ ಸೇರಿದರೆ ಹಿಂದೆ ಹೇಳಿದ ಏರನ್ನು ಗಂಟೆಗೆ ಹದಿನೈದು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹತ್ತಬಹುದು. ಪೂರ್ತಿ ಚಾರ್ಜಿಗೆ ಬೇಕಾದದ್ದು ಅರ್ಧ ಯೂನಿಟ್ಟಿಗೂ ಕಡಿಮೆ ವಿದ್ಯುತ್ತು. ಇಲ್ಲಿ ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಬದಲಿಸುವ ಖರ್ಚಿದೆ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋದರೆ ಇಪ್ಪತ್ತು ಕಿಲೋ ಮೀರಿದ ಭಾರವನ್ನು ಕಾಲಿನಿಂದಲೇ ಎಳೆಯಬೇಕು. ಗೇರೂ ಇರುವುದನ್ನೇ ಆರಿಸುವುದು ಜಾಣತನ.

ಬೇರೆ ಗುಡ್ಡಗಳ ಅನುಭವ

ಆಫ್ರಿಕಾದ ರುವಾಂಡ ನಮ್ಮಂತೆಯೇ ಗುಡ್ಡಗಳ ನಾಡು, ಕಾಫಿಯ ನಾಡು. ಕೊಯ್ದ ಕಾಫಿ ಹಣ್ಣನ್ನು ಅಂದೇ ಪಲ್ಪಿಂಗ್ ಮಾಡದಿದ್ದರೆ ಹುಳಿಯೆದ್ದು ಗುಣ ಕೆಡುತ್ತದೆ ಎಂಬುದು ಕೊಡಗು, ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಅಲ್ಲಿನ ಸಣ್ಣ ಬೆಳೆಗಾರರು ಹಣ್ಣನ್ನು ತಲೆಯ ಮೇಲೆ, ಮರದಿಂದಲೇ ಮಾಡಿದ ತಳ್ಳುಗಾಡಿಗಳ ಮೇಲೆ ಸಾಗಿಸುತ್ತಿದ್ದರು. ಗುಡ್ಡದ ಸೈಕಲ್ಲುಗಳ ತಯಾರಿಕೆಯಲ್ಲಿ ಆರಂಭಿಕರಲ್ಲೊಬ್ಬರಾದ ಅಮೆರಿಕದ ಟಾಮ್ ರಿಚಿ 2005ರಲ್ಲಿ ಅಲ್ಲಿಗೆ ಹೋಗಿ ಇದನ್ನು ಕಂಡರು. ಅನಂತರ ಅವರು ರೂಪಿಸಿದ್ದು ಹಿಂಬದಿ ಉದ್ದವಾದ, ಗೇರು ಮತ್ತು ಗಟ್ಟಿ ಬ್ರೇಕುಗಳುಳ್ಳ, ನೂರು ಕಿಲೋ ಮೀರಿದ ಹೊರೆ ಹೊರಬಲ್ಲ 'ಕಾಫಿ ಸೈಕಲ್'. ಬೆಳೆಗಾರರಿಗೆ ಅದನ್ನು ಸಾಲದ ಕಂತಿನ ಮೇಲೆ ಕೊಡಲಾಯಿತು. ಪಂದ್ಯದ ಸೈಕಲ್ಲುಗಳನ್ನು ಹಗುರ ಮಾಡುತ್ತಿದ್ದ ಅದೇ ಜಾಣ್ಮೆ ಇಲ್ಲಿ ಹೊರೆಯ ಕಡೆಗೆ ತಿರುಗಿತು.

ನಮ್ಮ ದೇಶದ ಅನುಭವವೂ ಇದೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಎರಡು ಸಾವಿರ ರೂಪಾಯಿ ಕೊಡತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಇದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ ಪರಿಣಾಮ ಇನ್ನೂ ಹೆಚ್ಚು. ಎರಡು ಸಾವಿರ ರೂಪಾಯಿಯ ಸೈಕಲ್ ಅಲ್ಲಿ ಅಷ್ಟು ಕೆಲಸ ಮಾಡಿತು, ಏಕೆಂದರೆ ಗಂಗೆಯ ಬಯಲು ಸಮತಟ್ಟಾಗಿದೆ.

ಅದೇ 2006-07ರಲ್ಲಿ ನಮ್ಮ ರಾಜ್ಯವೂ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು. ಒಳ್ಳೆಯ ಯೋಜನೆ, ಕೋವಿಡ್ ವರ್ಷಗಳಲ್ಲಿ ಅದು ನಿಂತುಹೋಯಿತು. ಆದರೆ ಅದು ಗೇರಿಲ್ಲದ ಸೈಕಲ್. ಬಯಲುಸೀಮೆಯ ಮಗುವಿಗೆ ಅದು ರೆಕ್ಕೆಯಾದರೆ ನಮ್ಮ ಮಗುವಿಗೆ ಏರಿನಲ್ಲಿ ತಳ್ಳುವ ಹೊರೆಯಾಯಿತು. ಸೈಕಲ್ ಇಲ್ಲಿ ನಡೆಯದು ಎಂಬ ಮಾತು ಹುಟ್ಟಿದ್ದೇ ಹೀಗೆ. ನಡೆಯದ್ದು ಸೈಕಲ್ಲಲ್ಲ, ಬಯಲಿನ ಗೇರಿನ ಲೆಕ್ಕ. ಮುಂದೆ ಇಂಥ ಯೋಜನೆ ಬಂದಾಗ ಗುಡ್ಡಗಾಡಿನ ತಾಲ್ಲೂಕುಗಳಿಗೆ ಗೇರು ಮತ್ತು ಡಿಸ್ಕ್ ಬ್ರೇಕಿನ ಸೈಕಲ್ಲನ್ನೇ ಕೊಡಿರೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸುವ ಕೆಲಸ ನಮ್ಮದು.

ನಾವು ಮಾಡಬಹುದಾದದ್ದು

ಕೊನೆಯಲ್ಲಿ ಕೆಲವು ಸಲಹೆಗಳು. ಶಾಲೆ, ಡೇರಿ, ಅಂಗಡಿ ಐದು ಕಿಲೋಮೀಟರಿನೊಳಗಿದ್ದರೆ ಮೊದಲು ಗೇರ್ ಸೈಕಲ್ಲನ್ನು ಯೋಚಿಸಿ. ಕೊಳ್ಳುವಾಗ ಬಣ್ಣ, ಹೆಸರು, ತೂಕ ನೋಡುವ ಮುನ್ನ ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲು ಎಣಿಸಿ, ಮುಂದಿನ ಅತಿ ಚಿಕ್ಕದರದೂ ಎಣಿಸಿ. ಹಿಂದಿನದು ಹೆಚ್ಚಿರಲಿ. ಅಗ್ಗದ ಸೈಕಲ್ಲಿಗೆ ಹಾಕುವ ಸ್ಪ್ರಿಂಗಿನ ಹಿಂಬದಿ ಶಾಕ್ ನಮಗೆ ಬೇಡ. ತುಳಿದ ಶಕ್ತಿಯನ್ನು ಅದೇ ನುಂಗುತ್ತದೆ. ಮಡ್‌ಗಾರ್ಡ್, ಕ್ಯಾರಿಯರ್, ದೀಪ ಇರಲೇಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೈನು ಒರೆಸಿ ಎಣ್ಣೆ ಬಿಡದಿದ್ದರೆ ಎಂಥ ಗೇರಾದರೂ ತುಕ್ಕು ಹಿಡಿಯುತ್ತದೆ.

ಊರಿಗೊಂದು ಉಪಕರಣದ ಪೆಟ್ಟಿಗೆ ಇರಲಿ: ಪಂಕ್ಚರ್ ಸಾಮಾನು, ಚೈನು ಬಿಚ್ಚುವ ಸಲಕರಣೆ, ಗೇರಿನ ತಂತಿ, ಬ್ರೇಕಿನ ಪ್ಯಾಡು, ಪಂಪು. ಇಬ್ಬರು ವಿದ್ಯಾರ್ಥಿಗಳು, ಅವರಲ್ಲಿ ಒಬ್ಬಳಾದರೂ ಹುಡುಗಿ, ಪೇಟೆಯ ಸೈಕಲ್ ಶಾಪಿನಲ್ಲಿ ನಾಲ್ಕು ದಿನ ಕುಳಿತು ಗೇರು ಹೊಂದಿಸಲು ಕಲಿಯಲಿ. ಸ್ತ್ರೀಶಕ್ತಿ ಸಂಘಗಳು ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ಸಾಲ ಕೊಟ್ಟಂತೆ ಹೆಣ್ಣುಮಕ್ಕಳ ಸೈಕಲ್ಲಿಗೂ ಕೊಡಲಿ. ಅಕ್ಕಪಕ್ಕದ ಎರಡು ಮನೆಗಳಿಗೆ ಎರಡು ಬೈಕಿನ ಬದಲು ಒಂದು ಬೈಕು, ಎರಡು ಗೇರ್ ಸೈಕಲ್ ಸಾಕೇ ಎಂದು ಕುಳಿತು ಮಾತಾಡಿ.

ಮೂರು ಲಕ್ಷದ ಸೈಕಲ್ ಬೆಲೆಗೆ ತಕ್ಕದ್ದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಪಂದ್ಯಕ್ಕೆ ಹೌದು, ನಮ್ಮ ದಾರಿಗೆ ಅಲ್ಲ. ಆ ಒಂದು ಸೈಕಲ್ಲಿನ ಹಣದಲ್ಲಿ ಈ ಶಾಲೆಯ ಹನ್ನೆರಡು ಮಕ್ಕಳಿಗೆ ಗೇರ್ ಸೈಕಲ್ ಬರುತ್ತದೆ. ಹತ್ತನೆಯ ತರಗತಿಯ ನಂತರ ದೂರದ ಕಾರಣಕ್ಕೆ ಓದು ಬಿಡಲಿರುವ ಹುಡುಗಿಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಮುಂದಿನ ಗ್ರಾಮಸಭೆಯ ಮೊದಲು ಪಟ್ಟಿ ಮಾಡೋಣ. ಲೆಕ್ಕವನ್ನು ಅಲ್ಲಿಂದ ಮುಂದುವರಿಸೋಣ.